ಬ್ರಹ್ಮದೇವರು ಬರುವ ಕಾಲ

ನಾನು ಎಣಿಸಲು ಕಲಿತದ್ದು ಗೋಡೆಯ ಮೇಲೆ. ಕಲ್ಕತ್ತೆಯ ಟಾಲಿಗಂಜಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಒಂದು ಉದ್ದನೆಯ ವೆರಾಂಡಾ ಇತ್ತು. ಅದರ ಗೋಡೆಗೆ ಬಿಳಿ ಸುಣ್ಣ, ನಡುಮಧ್ಯೆ ಒಂದು ಬಲ್ಬು. ಮಳೆ ಹಿಂದಾಗಿ, ದುರ್ಗಾಪೂಜೆಯ ಡೋಲುಗಳು ಸುಮ್ಮನಾಗಿ, ಗಾಳಿಯಲ್ಲಿ ತುಸು ತಂಪು ಸೇರಿದ ಮೇಲೆ ಮುಂಜಾನೆ ಬಾಗಿಲು ತೆರೆದರೆ ಆ ಗೋಡೆಯ ತುಂಬ ಪತಂಗಗಳು ರೆಕ್ಕೆ ಚೆಲ್ಲಿ ಮಲಗಿರುತ್ತಿದ್ದವು. ಒಣ ಎಲೆಯಂಥವು, ಇಳಕಲ್ ಸೀರೆಯ ಅಂಚಿನಂಥವು, ಹಕ್ಕಿಯ ಹಿಕ್ಕೆಯಂತೆ ಕಂಡು ಮೋಸ ಮಾಡುವಂಥವು. ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ ಕುಸುಮತ್ಯಾ, ಹಲ್ಲುಜ್ಜುವ ಮೊದಲೇ ನೋಟುಬುಕ್ಕು ಹಿಡಿದು ಅಲ್ಲಿ ನಿಲ್ಲುತ್ತಿದ್ದಳು. ನಾನು ಬೆರಳು ತಾಗಿಸದೆ ಒಂದೊಂದನ್ನೇ ತೋರಿಸುತ್ತ ಎಣಿಸಬೇಕು, ಅವಳು ಬರೆದುಕೊಳ್ಳಬೇಕು. ಆಗ ನನಗೆ ಎಂಟು ವರ್ಷ. ಈಗ ಅದೇ ಊರಿನ ನ್ಯೂ ಟೌನಿನಲ್ಲಿ ಹನ್ನೆರಡನೆಯ ಮಹಡಿಯಲ್ಲಿ ಸಂಸಾರ ಮಾಡಿಕೊಂಡಿದ್ದೇನೆ. ಇಲ್ಲಿಯ ಗೋಡೆಗಳೂ ಬೆಳ್ಳಗಿವೆ, ದೀಪಗಳು ಅಂದಿಗಿಂತ ಪ್ರಖರವಾಗಿವೆ, ಆದರೆ ಇಷ್ಟು ಎತ್ತರಕ್ಕೆ ಪತಂಗಗಳು ಹತ್ತಿ ಬರುವುದು ಅಪರೂಪ. ಆದರೂ ಆಶ್ವಯುಜ ಮುಗಿಯುತ್ತಿದ್ದಂತೆ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದು ಒಮ್ಮೆ ಗೋಡೆ ನೋಡುವುದನ್ನು ನಾನು ಬಿಟ್ಟಿಲ್ಲ.

ಅಪ್ಪನದು ಕೇಂದ್ರ ಸರ್ಕಾರದ ನೌಕರಿ. ವರ್ಗವಾಗಿ ಧಾರವಾಡದಿಂದ ಕಲ್ಕತ್ತೆಗೆ ಬಂದಾಗ ಅವ್ವ ತಂದದ್ದು ಒಂದು ದೇವರ ಪೆಟ್ಟಿಗೆ, ಒಂದು ರೊಟ್ಟಿಯ ಕಲ್ಲು, ಮತ್ತು ನಾನು. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಅಪ್ಪನ ಮಂಚ ಮತ್ತು ರೇಡಿಯೋ, ಹಿಂದಿನದರಲ್ಲಿ ಅವ್ವ, ಕುಸುಮತ್ಯಾ, ನಾನು ಸಾಲಾಗಿ ಮಲಗುವ ಹಾಸಿಗೆ. ವೆರಾಂಡಾದ ಕೊನೆಗೆ ಅಡಿಗೆಮನೆ, ಅದರದೇ ಒಂದು ಗೂಡಿನಲ್ಲಿ ದೇವರು. ಅವ್ವನ ಮಡಿ ಸೀರೆ ವೆರಾಂಡಾದ ಎತ್ತರದ ಹಗ್ಗದ ಮೇಲೆ ಒಣಗುತ್ತಿತ್ತು. ಕೋಲಿನಿಂದಲೇ ಹಾಕಿ ಕೋಲಿನಿಂದಲೇ ತೆಗೆಯಬೇಕು, ನಾವು ಯಾರೂ ಮುಟ್ಟುವ ಹಾಗಿಲ್ಲ. ಕುಸುಮತ್ಯಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಲು ಬಂದು ನಮ್ಮ ಮನೆಯಲ್ಲೇ ಇದ್ದಳು. ಅವಳಿಗೂ ಅವ್ವನಿಗೂ ಎಲ್ಲದರಲ್ಲೂ ಹೊಂದಾಣಿಕೆ ಇತ್ತು, ಆ ಹಗ್ಗವೊಂದನ್ನು ಬಿಟ್ಟು. ಒಂದು ಬೆಳಿಗ್ಗೆ ಮಡಿ ಸೀರೆಯ ಮೇಲೆ ಅಂಗೈಯಷ್ಟು ದೊಡ್ಡ ಕಂದು ಪತಂಗ ಕೂತಿತ್ತು. ಅವ್ವ ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿ ನಡುಗುತ್ತ ಕೋಲು ಹಿಡಿದು ನಿಂತಿದ್ದಳು, ಕುಸುಮತ್ಯಾ ಚಿತ್ರ ಬರೆದು ಮುಗಿಸುವ ತನಕ ಸೀರೆ ತೆಗೆಯಬೇಡಿರೆಂದು ಅಡ್ಡ ನಿಂತಿದ್ದಳು.

"ನಾ ಪೂಜಾ ಯಾವಾಗ ಮಾಡ್ಲಿ? ಅದೂ ಅಲ್ದ ಹುಳಾ ಕೂತದ, ಆ ಸೀರಿ ಈಗ ಮಡೀನೋ ಮೈಲಿಗಿನೋ ಹೇಳು."

"ವೈನಿ, ನಿಮ್ಮದು ರೇಷ್ಮಿ ಸೀರಿ ಅಲ್ಲೇನು? ರೇಷ್ಮಿ ಮಾಡೂದೂ ಒಂದು ಪತಂಗನs. ಅದರ ತಂಗಿ ಇದು. ಅಕ್ಕ ಮಡಿ ಆದ್ರ ತಂಗಿ ಹ್ಯಾಂಗ ಮೈಲಿಗಿ?"

ಅವ್ವ ಕೋಲು ಗೋಡೆಗೆ ಆನಿಸಿ, "ಲಗೂ ಬರಿ ಹಂಗಾರ" ಎಂದಳು.

ಅದೇ ಪತಂಗ, ಚಿತ್ರ ಮುಗಿಯುವ ಹೊತ್ತಿಗೆ, ಸೀರೆ ಬಿಟ್ಟು ಕುಸುಮತ್ಯಾನ ಭುಜದ ಮೇಲೆ ಬಂದು ಕೂತಿತು. ಕೆಳಗಿನ ಮನೆಯ ಒಡತಿ, ನಾವು ಮಾಶಿಮಾ ಎಂದು ಕರೆಯುತ್ತಿದ್ದ ಮುದುಕಿ, ಆಗಲೇ ಮೆಟ್ಟಿಲು ಹತ್ತಿ ಬಂದಿದ್ದಳು. ನೋಡಿದವಳೇ ಗಲ್ಲಕ್ಕೆ ಕೈಯಿಟ್ಟು ನಕ್ಕಳು.

"ಓಮಾ, ದ್ಯಾಖೋ, ಗಾಯೇ ಪ್ರೊಜಾಪೋತಿ ಬೋಶೇಛೇ. ಏಬಾರ್ ಬಿಯೇ ಹೋಬೇ."

ಕಲ್ಕತ್ತೆಗೆ ಬಂದು ನಾಲ್ಕು ವರ್ಷವಾದರೂ ಅವ್ವನಿಗೆ ಬಂಗಾಳಿಯಲ್ಲಿ ತರಕಾರಿಯ ಹೆಸರು ಬಿಟ್ಟು ಹೆಚ್ಚಿಗೆ ತಿಳಿಯುತ್ತಿರಲಿಲ್ಲ. ಆ ಮಾತಿನಲ್ಲಿ ಅವಳಿಗೆ ಹತ್ತಿದ್ದು ಪ್ರಜಾಪತಿ ಎಂಬ ಒಂದೇ ಶಬ್ದ. ಪ್ರಜಾಪತಿ ಎಂದರೆ ಬ್ರಹ್ಮದೇವರು. ಮಾಶಿಮಾ ಹಿರಿಯಳು, ಸುಳ್ಳು ಹೇಳಲಿಕ್ಕಿಲ್ಲ. ಅವ್ವ ಒದ್ದೆಬಟ್ಟೆಯಲ್ಲೇ ಒಳಗೆ ಓಡಿ ಒಂದು ಚಮಚ ಸಕ್ಕರೆ ತಂದು ಕುಸುಮತ್ಯಾನ ಭುಜದ ಮುಂದೆ ಹಿಡಿದು ಕೈ ಜೋಡಿಸಿದಳು.

"ವೈನಿ, ಇದೇನು ನಡಸೀರಿ?"

"ಸುಮ್ನಿರು. ಬ್ರಹ್ಮದೇವರಿಗೆ ಎಲ್ಲೂ ಪೂಜಾ ಇಲ್ಲ ಅಂತಾರ. ಪೂಜಾ ಇಲ್ಲದವರು ನಮ್ಮ ಮನಿಗೆ ಬಂದಾರ, ಬರಿಗೈಲೆ ಹ್ಯಾಂಗ ಕಳಸೂದು?"

ಬಂಗಾಳಿಯಲ್ಲಿ ಚಿಟ್ಟೆಗೆ ಪ್ರಜಾಪತಿ ಎನ್ನುತ್ತಾರೆಂದೂ, ಇದು ಚಿಟ್ಟೆಯೂ ಅಲ್ಲ, ಪತಂಗವೆಂದೂ, ಮಾಶಿಮಾನಿಗೆ ಎರಡೂ ಒಂದೇ ಎಂದೂ ಕುಸುಮತ್ಯಾ ನಕ್ಕು ನಕ್ಕು ತಿಳಿಸಿ ಹೇಳಿದಳು. ಅವ್ವ ನಾಚಿಕೊಳ್ಳಲಿಲ್ಲ. ಯಾವ ರೂಪದಲ್ಲಿ ಬಂದರೇನು ಎಂದು ಸಕ್ಕರೆಯನ್ನು ನಮಗೆ ಪ್ರಸಾದವೆಂದು ಹಂಚಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಪತಂಗಗಳಿಗೆಲ್ಲ ಬ್ರಹ್ಮದೇವರೆಂದೇ ಹೆಸರಾಯಿತು. "ಕುಸುಮಾ, ನಿನ್ನ ಬ್ರಹ್ಮದೇವರು ನನ್ನ ಚಹಾದಾಗ ಈಸಾಡಲಿಕ್ಕೆ ಹತ್ಯಾರ ನೋಡು" ಎಂದು ಅಪ್ಪ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೊಬ್ಬಳನ್ನು ಬಿಟ್ಟು. ನಾನು ಮಾಶಿಮಾನ ಮೊಮ್ಮಗಳ ಜೊತೆ ಆಡಿ ಬೆಳೆದವಳು, ಅವಳ ಮಾತಿನ ಎರಡನೆಯ ಅರ್ಧವೂ ನನಗೆ ತಿಳಿದಿತ್ತು. ಮೈಮೇಲೆ ಪ್ರಜಾಪತಿ ಕೂತರೆ ಮದುವೆಯಾಗುತ್ತದೆ. ಮಾಶಿಮಾನ ಮನೆಗೆ ಬರುವ ಕೆಂಪು ಲಗ್ನಪತ್ರಿಕೆಗಳ ಮೇಲೆಲ್ಲ ರೆಕ್ಕೆ ಬಿಚ್ಚಿದ ಪ್ರಜಾಪತಿಯ ಚಿತ್ರವಿರುವುದನ್ನು ನಾನೇ ನೋಡಿದ್ದೆ. ಅಚ್ಚು ಹಾಕಿದ್ದು ಸುಳ್ಳಿರಲು ಸಾಧ್ಯವೇ.

ಆ ಹಂಗಾಮಿನಲ್ಲಿ ಕುಸುಮತ್ಯಾನ ಮದುವೆಯ ಮಾತು ಮನೆಯಲ್ಲಿ ಓಡಾಡುತ್ತಿತ್ತು. ಹುಬ್ಬಳ್ಳಿಯ ಒಂದು ಮನೆಯವರು ಒಪ್ಪಿ ಕೂತಿದ್ದರು. ಅವಳಿಗೆ ಬೇರೆಯೇ ಆಸೆ. ಅವಳ ಸರ್ ಉತ್ತರ ಬಂಗಾಳದ ಗುಡ್ಡಗಳಿಗೆ ಪತಂಗ ನೋಡಲು ಒಂದು ತಂಡ ಕಳಿಸುವವರಿದ್ದರು. ಎರಡು ವರ್ಷದ ಕೆಲಸ, ಕಾಡಿನ ನಡುವೆ ವಾಸ. ಮಳೆ ನಿಂತಾಗಿನಿಂದ ಚಳಿ ಹಿಡಿಯುವ ತನಕ ಒಂದು ದಿನವೂ ತಪ್ಪದೆ ಊರಿನ ಒಂದೇ ಜಾಗದ ಲೆಕ್ಕ ಬರೆದು ತಂದವರಿಗೆ ಅಲ್ಲಿ ಅವಕಾಶ. ಅಪ್ಪ ಅವಲಕ್ಕಿ ತಿನ್ನುತ್ತ ಅವಳಿಗೆ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

"ಈ ಹಂಗಾಮು ಮುಗೀಲಿ. ಕೆಲಸಾ ಸಿಕ್ಕರ ಹೋಗು, ಊರಾಗ ಅಪ್ಪಗ ನಾ ಹೇಳ್ತೀನಿ. ಸಿಗಲಿಲ್ಲಂದ್ರ ಹುಬ್ಬಳ್ಳಿಯವರಿಗೆ ಹೂಂ ಅನಬೇಕು. ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲವ್ವಾ."

"ಸಿಗ್ತದ, ಅಣ್ಣಾ" ಎಂದಳು ಕುಸುಮತ್ಯಾ, ಅಷ್ಟೇ.

ಗುಡ್ಡಕ್ಕೆ ಹೋದರೆ ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆಂದು ನನಗೆ ಅನಿಸಿಯೇ ಇರಲಿಲ್ಲ. ಬೇಸಿಗೆಯ ಸೂಟಿಯಲ್ಲಿ ನಿನ್ನನ್ನೂ ಕರೆಸಿಕೊಳ್ಳುತ್ತೇನೆ, ಅಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿದರೆ ಬಟ್ಟೆಯೇ ಕಾಣದಷ್ಟು ಬರುತ್ತವೆ, ಹಸಿರು ಬಾಲದವು, ಕನ್ನಡಿಯಂಥ ಚುಕ್ಕಿಯವು ಎಂದು ನನ್ನ ತಲೆಗೆ ಎಣ್ಣೆ ಹಚ್ಚುತ್ತ ಹೇಳುತ್ತಿದ್ದಳು. ನಾನು ಆ ಗುಡ್ಡಗಳನ್ನು ಕಂಡಿರಲಿಲ್ಲ, ಆದರೆ ಅಲ್ಲಿಯ ಚಳಿಗೆಂದು ನನ್ನ ಸ್ವೆಟರನ್ನು ಈಗಿನಿಂದಲೇ ಬೇರೆ ಎತ್ತಿಟ್ಟಿದ್ದೆ. ಮದುವೆಯಾದರೆ ಮಾತ್ರ ಎಲ್ಲ ಮುಗಿಯಿತು. ಹುಬ್ಬಳ್ಳಿಗೆ ಹೋಗುತ್ತಾಳೆ, ಹೋದವಳು ಬೇರೆಯವರ ಮನೆಯವಳಾಗುತ್ತಾಳೆ. ಪತಂಗ ಒಮ್ಮೆ ಭುಜದ ಮೇಲೆ ಕೂತಾಗಿತ್ತು. ಇನ್ನೊಮ್ಮೆ ಕೂರಬಾರದು ಎಂದು ನಾನು ನಿಶ್ಚಯ ಮಾಡಿದೆ.

ಸಂಜೆ ಅವ್ವ ದೇವರ ದೀಪ ಹಚ್ಚಿದ ಕೂಡಲೇ ವೆರಾಂಡಾದ ಬಲ್ಬು ಹಚ್ಚುವ ಕೆಲಸವನ್ನು ಕುಸುಮತ್ಯಾ ನನಗೇ ಒಪ್ಪಿಸಿದ್ದಳು. ಅವಳು ಪ್ರಯೋಗಾಲಯದಿಂದ ಬಸ್ಸು ಹಿಡಿದು ಬರುವಾಗ ಎಂಟು ದಾಟುತ್ತಿತ್ತು. ಪತಂಗಗಳು ಹೆಚ್ಚಾಗಿ ಬರುವುದು ಆ ಮುಸ್ಸಂಜೆಯ ಎರಡು ತಾಸಿನಲ್ಲಿ. ಆ ಕೆಲಸ ಸಿಕ್ಕಿದ್ದಕ್ಕೆ ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಕಾರ್ತಿಕ ಮಾಸ ಹತ್ತಿದ ಮರುದಿನ ನಾನು ಬಲ್ಬು ಹಚ್ಚಲಿಲ್ಲ. ಅವ್ವ ತುಳಸಿಯ ದೀಪ ಹಿಡಿದು ಮಾಳಿಗೆಗೆ ಹೋಗಿದ್ದಳು, ಇಳಿದು ಬಂದವಳು ನೇರ ಅಡಿಗೆಮನೆಗೆ ಹೋದಳು. ಅಪ್ಪ ಒಳಗೆ ರೇಡಿಯೋದ ಕಿವಿ ಹಿಂಡುತ್ತಿದ್ದರು. ಕುಸುಮತ್ಯಾನ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲಿ ಕೇಳಿದಾಗ ಸ್ವಿಚ್ಚು ಒತ್ತಿದೆ. ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಮೂರೇ ಮೂರು.

"ಯಾಕ ಶಾಂತೂ, ನಿನ್ನೆ ಸಂಜಿ ದೀಪಾ ಹಚ್ಚಿದ್ದಿಲ್ಲೇನು?"

"ಲೋಡ್‌ಶೆಡ್ಡಿಂಗ್ ಇತ್ತು."

ಆಗಿನ ಕಲ್ಕತ್ತೆಯಲ್ಲಿ ಈ ಉತ್ತರಕ್ಕೆ ಮರುಪ್ರಶ್ನೆ ಇರಲಿಲ್ಲ. ದಿನವೂ ಎಲ್ಲೋ ಒಂದು ಕಡೆ ಕರೆಂಟು ಹೋಗುತ್ತಲೇ ಇತ್ತು. ಅವಳು ನಿಟ್ಟುಸಿರು ಬಿಟ್ಟು, ಸಂಖ್ಯೆಯ ಮುಂದೆ 'ಕರೆಂಟ್ ಇಲ್ಲ' ಎಂದು ಬರೆದುಕೊಂಡಳು. ನಾನು ಹೇಳಿದ್ದನ್ನು ಅವಳು ಶಾಯಿಯಲ್ಲಿ ಬರೆಯುವುದನ್ನು ನೋಡುತ್ತ ಪಕ್ಕದಲ್ಲೇ ನಿಂತಿದ್ದೆ. ಮಾರನೆಯ ದಿನ ಅದನ್ನೇ ಮಾಡಿದೆ, ಅದರ ಮಾರನೆಯ ದಿನವೂ. ನಡುವೆ ಬಂದ ಒಂದು ಆದಿತ್ಯವಾರ ಅವಳು ಮನೆಯಲ್ಲಿದ್ದು ತಾನೇ ದೀಪ ಹಚ್ಚಿದಳು, ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ಇಪ್ಪತ್ತಾರು. ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಮಂಗಳವಾರ ಮತ್ತೆ ನಾಲ್ಕು. ಹೀಗೆ ಒಂಬತ್ತು ಸಂಜೆ.

ಆದರೆ ನನಗೆ ತಿಳಿಯದ ಒಂದು ಸಂಗತಿಯಿತ್ತು. ದೀಪಾವಳಿಯಲ್ಲಿ ಬರುವ ಕಾಳಿಪೂಜೆಯ ಆಸುಪಾಸಿನಲ್ಲಿ ಆ ಊರಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಹಸಿರು ಹುಳುಗಳು ಮೋಡದಂತೆ ಬರುತ್ತವೆ. ಬಂಗಾಳಿಗಳು ಅವಕ್ಕೆ ಶ್ಯಾಮಾಪೋಕಾ ಎನ್ನುತ್ತಾರೆ. ಪ್ರತಿ ವರ್ಷ ಅವೆಲ್ಲ ವೆರಾಂಡಾದ ಬಲ್ಬಿಗೆ ಮುತ್ತಿಕೊಂಡು ನಮ್ಮ ಅಡಿಗೆಮನೆಯನ್ನು ಬಿಟ್ಟುಬಿಡುತ್ತಿದ್ದವು. ಆ ವರ್ಷ ವೆರಾಂಡಾ ಕತ್ತಲೆಯಿದ್ದುದರಿಂದ ಅಡಿಗೆಮನೆಯ ದೀಪಕ್ಕೇ ನುಗ್ಗಿದವು. ಆ ಒಂಬತ್ತೂ ಸಂಜೆ ಮುಗಿದ ಮೇಲಿನ ಆದಿತ್ಯವಾರ ರಾತ್ರಿ ಊಟಕ್ಕೆ ಕೂತಾಗ ಅವ್ವ ಸಾರಿನ ಪಾತ್ರೆಯ ಮೇಲೆ ತಾಟು ಮುಚ್ಚಿ, ಬಗ್ಗಿ ನೋಡಿ ನೋಡಿ ಬಡಿಸುತ್ತಿದ್ದಳು.

"ಏನು ಹುಳಾನೋ ಈ ವರ್ಷ. ದೀಪಾ ಹಚ್ಚಿ ಒಗ್ಗರಣಿ ಕೊಡೂದ್ರಾಗ ಪಾತೇಲಿ ತುಂಬ ಬಿದ್ದಿರ್ತಾವ. ಎರಡು ಸಲ ಸಾರು ಚೆಲ್ಲೀನಿ."

"ಕರೆಂಟ್ ಇಲ್ಲದಾಗ ದೀಪಾ ಎಲ್ಲಿಂದ ಬಂತು, ವೈನಿ? ಕಂದೀಲಿಗೆ ಇಷ್ಟು ಬರೂದಿಲ್ಲ ಅವು."

ಅವ್ವನಿಗೆ ಒಂದು ಅಭ್ಯಾಸವಿತ್ತು. ದಿನವೂ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿ ಹೇಳುವುದು. ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಜಾಗ ಸಿಕ್ಕಿತು, ನೆಗಡಿ ಜ್ವರಕ್ಕೆ ತಿರುಗಲಿಲ್ಲ. ಅದೇ ದನಿಯಲ್ಲಿ ಅವಳು ಹೇಳಿದಳು:

"ಕರೆಂಟ್ ಯಾವಾಗ ಹೋಗಿತ್ತು? ಅದೊಂದು ದೇವರ ದಯಾ ಅನ್ನು. ಕಾರ್ತಿಕ ಹತ್ತಿದಾಗಿಂದ ಸಂಜೀ ಹೊತ್ತು ಒಂದಿನಾನೂ ಹೋಗಿಲ್ಲ."

ಕುಸುಮತ್ಯಾ ತುತ್ತನ್ನು ತಾಟಿನಲ್ಲಿ ಇಳಿಸಿ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಕೈ ತೊಳೆಯದೆಯೇ ನನ್ನ ಪಕ್ಕಕ್ಕೆ ಸರಿದು ಕೂತು, ಯಾಕ ಎಂದು ಮೆಲ್ಲಗೆ ಕೇಳಿದಳು. ನಾನು ಮೊದಲು ಅತ್ತುಬಿಟ್ಟೆ, ಆಮೇಲೆ ಹೇಳಿದೆ.

"ಪ್ರಜಾಪತಿ ಮತ್ತ ನಿನ್ನ ಮ್ಯಾಲೆ ಕೂತ್ರ ನಿನ್ನ ಮದುವಿ ಆಗ್ತದ. ಮಾಶಿಮಾ ಹೇಳ್ಯಾಳ. ಪತ್ರಿಕಾದ ಮ್ಯಾಲೆನೂ ಅದ."

ಅಪ್ಪ ದೊಡ್ಡದಾಗಿ ನಕ್ಕುಬಿಟ್ಟರು. "ಕೇಳಿದೇನು? ಬ್ರಹ್ಮದೇವರಿಗೆ ಬಾಗಿಲಾ ಹಾಕ್ಯಾಳ ಈಕಿ" ಎಂದವರು ತಂಗಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಅವಳೂ ನಗಲು ಹೋಗಿದ್ದಳು, ನಗು ಬರಲಿಲ್ಲ. ಎದ್ದು ಹೋಗಿ ನೋಟುಬುಕ್ಕು ತಂದು, ಎಡಗೈಯಿಂದ ಹಾಳೆ ತಿರುವುತ್ತ ನಿಂತಳು.

ಸುಳ್ಳೆಂದರೆ ಬೆಂಕಿಯಂತೆ ದೂರವಿರುತ್ತಿದ್ದ ಅವ್ವ ಅಂದು ಆಡಿದ ಮಾತಿಗೆ ನಾನು ಇಂದಿಗೂ ಆಶ್ಚರ್ಯಪಡುತ್ತೇನೆ.

"ಕುಸುಮಾ, ಹೋದ ವರ್ಷದ ಬುಕ್ಕು ಅದ ಅಲ್ಲ. ಅದರಾಗಿನ ಒಂಬತ್ತು ದಿನಾ ನೋಡಿ ಹಂಗs ತುಂಬು. ಹೆಚ್ಚೂ ಕಮ್ಮಿ ಅಷ್ಟs ಇರ್ತಾವ. ತಪ್ಪು ನನ್ನ ಹೆಸರಿಲೆ ಇರಲಿ, ದೇವರ ಮುಂದ ನಾ ಒಪ್ಪಿಕೋತೀನಿ."

"ದೇವರು ನಿಮಗ ಬಿಡ್ತಾನ, ವೈನಿ. ಆದ್ರ ಈ ಪತಂಗಗಳಿಗೆ ಪಾಪ, ನಾವು ಬಂದಿದ್ದಿಲ್ಲ, ಬಂದೇವಂತ ಯಾಕ ಬರದಿ ಅಂತ ಕೇಳಲಿಕ್ಕೆ ಬರೂದಿಲ್ಲ ನೋಡ್ರಿ. ಕೇಳಲಾರದವರ ಬಗ್ಗೆ ಹ್ಯಾಂಗ ಸುಳ್ಳ ಬರೀಲಿ?"

ಒಂಬತ್ತು ಸಂಖ್ಯೆಗಳನ್ನೂ, 'ಕರೆಂಟ್ ಇಲ್ಲ' ಎಂಬ ಒಂಬತ್ತು ಸಾಲುಗಳನ್ನೂ ಅವಳು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಪ್ರತಿಯೊಂದರ ಮುಂದೆ 'ದೀಪ ಹಚ್ಚಿರಲಿಲ್ಲ' ಎಂದು ಬರೆದಳು. ಯಾರು ಹಚ್ಚಲಿಲ್ಲ ಎಂದು ಬರೆಯಲಿಲ್ಲ. ಮರುದಿನದಿಂದ ಮಾಗಿಯ ಚಳಿ ಹಿಡಿಯುವ ತನಕ ಬಲ್ಬು ಹಚ್ಚುವ ಕೆಲಸವನ್ನು ಅವ್ವ ವಹಿಸಿಕೊಂಡಳು. ಬೆಳಿಗ್ಗೆ ಎಣಿಸಲು ಕುಸುಮತ್ಯಾ ನನ್ನನ್ನೇ ಕರೆಯುತ್ತಿದ್ದಳು, ಆದರೆ ನಾನು ಒಮ್ಮೆ ಎಣಿಸಿದ ಮೇಲೆ ತಾನೂ ಒಮ್ಮೆ ಎಣಿಸಿ ನೋಡುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಹಂಗಾಮು ಮುಗಿದ ಮೇಲೆ ನೋಟುಬುಕ್ಕನ್ನು ಸರ್ ಬಳಿಗೆ ಒಯ್ದು ಸಂಜೆ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಹಾ ಕೇಳಿದಳು. ಅವಳು ಬಸಿಯಲ್ಲಿ ಚಹಾ ಹಾಕಿಕೊಂಡು ಕುಡಿಯುವವಳಲ್ಲ, ಅಂದು ಹಾಕಿಕೊಂಡು ಆರಿಸುತ್ತ ಬಹಳ ಹೊತ್ತು ಕೂತಳು. ಲೆಕ್ಕ ಬಹಳ ಚೊಕ್ಕ ಇದೆ, ಚಿತ್ರಗಳೂ ಒಳ್ಳೆಯವು, ಆದರೆ ನಡುವಿನ ಒಂಬತ್ತು ದಿನ ಹೋದದ್ದು ಹಂಗಾಮಿನ ಬೆನ್ನೆಲುಬೇ ಹೋದ ಹಾಗೆ. ಮುಂದಿನ ವರ್ಷ ನೋಡೋಣ ಎಂದರಂತೆ ಸರ್. ಈ ವರ್ಷದ ಜಾಗಕ್ಕೆ ಬೇರೊಬ್ಬ ವಿದ್ಯಾರ್ಥಿಯ ಹೆಸರು ಹೋಯಿತು. ಅಪ್ಪ ಊರಿಗೆ ಕಾಗದ ಬರೆದು ಇನ್ನೊಂದು ವರ್ಷ ಕೊಡಿರೆಂದು ಅಜ್ಜನನ್ನು ಕೇಳಿದರು. ಉತ್ತರ ಬಂದದ್ದನ್ನು ಎರಡು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಮೂರನೆಯ ದಿನ ಅಂಗಿ ಒಗೆಯಲು ತೆಗೆದ ಅವ್ವನ ಕೈಗೆ ಅದು ಸಿಕ್ಕಿತು. ಹುಬ್ಬಳ್ಳಿಯವರು ಮಾಘದಲ್ಲೇ ಮುಹೂರ್ತ ಹಿಡಿದಿದ್ದರು.

ಹೊರಡುವ ದಿನ ಬೆಳಿಗ್ಗೆ ಅವಳು ಹಿಂದಿನ ಕೋಣೆಯಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಎಲ್ಲರೂ ಹೌರಾ ಸ್ಟೇಷನ್ನಿಗೆ ಹೋಗಿ ಜೊತೆಯಾಗಿಯೇ ರೈಲು ಹತ್ತುವವರಿದ್ದೆವು, ಮರಳಿ ಬರುವವರು ಮಾತ್ರ ಮೂವರು. ಅವಳು ಸೀರೆ ಮಡಚುವುದನ್ನು ನೋಡುತ್ತ ಬಾಗಿಲಲ್ಲಿ ನಿಂತು, ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿದೆ.

"ಅತ್ಯಾ, ನನ್ನ ಮ್ಯಾಲೆ ಸಿಟ್ಟದ ಏನು?"

"ಅದ" ಎಂದಳು. ಮಡಚಿದ ಸೀರೆಯನ್ನು ಒಳಗಿಟ್ಟು, ಇನ್ನೊಂದನ್ನು ಎತ್ತಿಕೊಂಡಳು. "ನೀ ಸಣ್ಣಾಕಿ, ನಿನಗ ತಿಳಿದಿದ್ದಿಲ್ಲ, ಎಲ್ಲಾ ಖರೆ. ಆದ್ರೂ ಅದ. ಇಲ್ಲಂತ ಹೇಳಿದ್ರ ನಿನಗ ಸುಳ್ಳ ಹೇಳಿಧಂಗ ಆಗ್ತದ."

"ಯಾವಾಗ ಹೋಗ್ತದ?"

"ಗೊತ್ತಿಲ್ಲವ್ವಾ. ಹೋದ ದಿವಸ ಕಾಗದಾ ಬರೀತೀನಿ."

ಮದುವೆ ಚೆನ್ನಾಗಿಯೇ ಆಯಿತು. ಅವಳ ಗಂಡ, ನನ್ನ ಮಾಮಾ, ಸೌಮ್ಯ ಮನುಷ್ಯ, ಬ್ಯಾಂಕಿನ ಕೆಲಸ, ಅವಳ ಮೇಲೆ ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅವಳ ಕಾಗದಗಳು ಅವ್ವನ ಹೆಸರಿಗೆ ಬರುತ್ತಿದ್ದವು, ಅಪ್ಪನ ಹೆಸರಿಗೆ ಬರುತ್ತಿದ್ದವು. ಕೊನೆಯಲ್ಲಿ 'ಶಾಂತೂಗೆ ಆಶೀರ್ವಾದ' ಎಂದು ಒಂದು ಸಾಲು. ನಾನು ಶಾಲೆಯಿಂದ ಬಂದೊಡನೆ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಒಂದು ವರ್ಷ ಹೋಯಿತು. ಎರಡನೆಯ ವರ್ಷದ ಶ್ರಾವಣದಲ್ಲಿ, ಅವ್ವ ಸಂಪತ್ ಶುಕ್ರವಾರದ ಕಡಬು ಮಾಡುತ್ತಿದ್ದ ದಿನ, ನನ್ನ ಪೂರ್ತಿ ಹೆಸರು ಬರೆದ ಇನ್‌ಲ್ಯಾಂಡ್ ಬಂತು. ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅಂಚು ಹರಿದೆ. ಒಳಗೆ ನಾಲ್ಕೇ ಸಾಲು.

'ಶಾಂತೂ, ಸಿಟ್ಟು ಹೋಯಿತು. ಯಾವಾಗ ಹೋಯಿತೋ ತಿಳಿಯಲಿಲ್ಲ. ಇವತ್ತು ರೊಟ್ಟಿ ಬಡಿಯುವಾಗ ನಿನ್ನ ನೆನಪಾಗಿ ಹುಡುಕಿದೆ, ಇರಲಿಲ್ಲ. ಗುಡ್ಡದ ಆಸೆ ಮಾತ್ರ ಇನ್ನೂ ಹೋಗಿಲ್ಲ. ಅದು ಹೋದ ದಿವಸ ಮತ್ತೊಂದು ಬರೆಯುತ್ತೇನೆ.'

ಅವ್ವ ಹಿಟ್ಟಿನ ಕೈಯಲ್ಲೇ ಏನು ಬರೆದಿದ್ದಾಳೆಂದು ಕೇಳಿದಳು. ಓದಿ ಹೇಳಿದೆ. ಅವಳು ಒಲೆಯ ಕಡೆ ತಿರುಗಿ ಒಂದು ಕಡಬನ್ನು ಬೇಯುವ ಮೊದಲೇ ಎತ್ತಿ, ಮತ್ತೆ ಒಳಗಿಟ್ಟಳು.

ಕುಸುಮತ್ಯಾ ಈಗಲೂ ಹುಬ್ಬಳ್ಳಿಯಲ್ಲಿದ್ದಾಳೆ, ಎಂಬತ್ತರ ಹತ್ತಿರ. ಮೊಣಕಾಲು ಹಿಡಿದುಕೊಂಡಿದೆ, ಗುಡ್ಡ ಹತ್ತುವ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ಗುಡ್ಡಕ್ಕೆ ಟಿಕೆಟ್ಟು ಮಾಡಿಸುತ್ತೇನೆ, ಬಾ ಎಂದು ನಾನು ಎರಡು ಸಲ ಕರೆದೆ. ಒಮ್ಮೆ ಮಾಮಾನ ಕಾಯಿಲೆ, ಒಮ್ಮೆ ಅವಳದೇ. ಗುರುವಾರ ಗುರುವಾರ ಫೋನು ಮಾಡುತ್ತಾಳೆ. ಮೊಮ್ಮಕ್ಕಳು, ಔಷಧಿ, ಉಪ್ಪಿನಕಾಯಿ ಎಲ್ಲ ಆದ ಮೇಲೆ ಗುಡ್ಡದ ಮಾತು ಎತ್ತದೆ ಅವಳೇ ಫೋನು ಇಡುತ್ತಾಳೆ. ನಾನು ದೇವರ ಮುಂದೆ ಕೂತು ದಿನದ ಉಪಕಾರಗಳನ್ನು ಅವ್ವನ ಹಾಗೆಯೇ ಎಣಿಸುತ್ತೇನೆ. ಮಗ ಹೊತ್ತಿಗೆ ಮನೆಗೆ ಬಂದ, ಗ್ಯಾಸು ಇನ್ನೊಂದು ವಾರಕ್ಕೆ ಸಾಲುತ್ತದೆ, ಲಿಫ್ಟು ಕೆಡಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಯದೊಂದನ್ನು ಸೇರಿಸುತ್ತೇನೆ: ಆಸೆ ಹೋದ ದಿವಸ ಬರೆಯುತ್ತೇನೆಂದಿದ್ದ ಆ ಎರಡನೆಯ ಕಾಗದ ಇವತ್ತೂ ಬರಲಿಲ್ಲ.